ಐದನೇ ನಂಬರಿನ ಭಯ

ಮೂರು ವರ್ಷ ನಾನು ಹಿರಿಯೂರಿನ ನಮ್ಮ ಮನೆಯಲ್ಲಿ ಕೂತು ಬೇರೆ ದೇಶದವರ ಮಾತಿಗೆ ಕನ್ನಡ ಬರೆದೆ. ಮೊಬೈಲಿನಲ್ಲೂ ಟಿವಿಯಲ್ಲೂ ಸಿನಿಮಾ, ಸೀರೀಸ್ ತೋರಿಸುವ ಒಂದು ದೊಡ್ಡ ಕಂಪನಿ. ಅದರ ಕೆಲಸ ಹಿಡಿದಿದ್ದ ಬೆಂಗಳೂರಿನ ಒಂದು ಸ್ಟುಡಿಯೋ. ಆ ಸ್ಟುಡಿಯೋದವರಿಗೆ ಸಬ್‌ಟೈಟಲ್ ಬರೆದುಕೊಡುವವಳು ನಾನು. ಅದಕ್ಕೂ ಮೊದಲು ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನಮ್ಮ ಯಜಮಾನರದು ಹೊಳಲ್ಕೆರೆಯಲ್ಲಿ ಕೆಲಸ, ಶನಿವಾರ ಸಂಜೆ ಬರುವವರು.

ಒಂದು ದಿನ ಸ್ಟುಡಿಯೋದಲ್ಲಿ ನಮಗೆಲ್ಲ ಕೆಲಸ ಹಂಚುವಾಕೆ ಫೋನ್ ಮಾಡಿದಳು. "ಮೇಡಂ, ಕಂಪನಿಯವರು ಈಗ ವಿಡಿಯೋ ಗೇಮ್ ಕಡೆ ಹೊರಟಿದ್ದಾರೆ. ಸಿನಿಮಾ ನೋಡೋ ಆಪ್‌ನಲ್ಲೇ ಗೇಮೂ ಆಡಬಹುದು. ಇನ್ಮೇಲೆ ಸಬ್‌ಟೈಟಲ್ ಕೆಲಸ ಕಡಿಮೆಯಾಗಬಹುದು."

ಶಾಲೆ ಬಿಟ್ಟಾಗಿತ್ತು. ಈ ವಯಸ್ಸಿನಲ್ಲಿ ಮತ್ತೆ ಯಾರ ಬಾಗಿಲಿಗೆ ಹೋಗಲಿ?

"ನೀವು ಧ್ವನಿ ಕೊಡ್ತೀರಾ? ದೆವ್ವದ ಸೀರೀಸ್ ಒಂದಕ್ಕೆ ನೀವೇ ಬರೆದಿದ್ರಲ್ಲ, ಅದನ್ನೇ ಗೇಮ್ ಮಾಡಿದ್ದಾರೆ. ಅದರಲ್ಲಿ ಒಬ್ಬ ಹಳ್ಳಿ ಹೆಂಗಸು ಬರ್ತಾಳೆ. ಅವಳಿಗೆ ನಿಮ್ಮ ಕಡೆ ಮಾತೇ ಬೇಕಂತೆ."

ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಆಯ್ತು ಎಂದೆ.

ನಾನು ಹೇಳಬೇಕಾದ ಮಾತುಗಳೆಂದು ಬಂದ ಶೀಟು ನೋಡಿ ಕಂಗಾಲಾದೆ. ಅದರಲ್ಲಿ ಕಥೆಯೇ ಇರಲಿಲ್ಲ. "ಯಾರದು?" "ಬಾಗ್ಲು ತೆಗೀಬ್ಯಾಡ." "ಯಾರಾದ್ರೂ ಬರ್ರಿ." ಇಂಥ ಬಿಡಿಬಿಡಿ ಮಾತುಗಳು. ಪ್ರತಿ ಮಾತನ್ನೂ ಐದು ಸಲ ಹೇಳಬೇಕು. ಭಯಕ್ಕೆ ಒಂದರಿಂದ ಐದು ನಂಬರು. ಒಂದೆಂದರೆ ಬರೀ ಅನುಮಾನ. ಐದೆಂದರೆ ಪ್ರಾಣ ಹೋಗುವಂಥ ಕೂಗು. ಸೀರೀಸ್ ಆಗಿದ್ದರೆ ಆ ಹೆಂಗಸು ಕೊನೆಗೆ ಉಳಿಯುತ್ತಾಳೋ ಇಲ್ಲವೋ ನನಗೆ ಗೊತ್ತಿರುತ್ತಿತ್ತು. ಇಲ್ಲಿ ಏನಾಗುತ್ತದೆ ಎಂದು ಸ್ಟುಡಿಯೋದವಳನ್ನು ಕೇಳಿದರೆ, "ಅದು ಆಡೋರ ಕೈಲಿರುತ್ತೆ ಮೇಡಂ" ಎಂದಳು.

ಮೂಲೆಯ ರೂಮಿನ ಕಿಟಕಿಗೆ ಎರಡು ಕೌದಿ ಕಟ್ಟಿದೆ. ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿದೆ. ಫ್ಯಾನ್ ಹಾಕುವಂತಿರಲಿಲ್ಲ, ಮೈಕಿಗೆ ಅದರ ಸದ್ದು ಬೀಳುತ್ತದೆ. ತೆಂಗಿನಕಾಯಿ ಲಾರಿಗಳ ಓಡಾಟ ತುಸು ನಿಲ್ಲುವುದು ಊಟ ಮುಗಿದ ಮೇಲಿನ ಹೊತ್ತಿಗೆ. ಆಗಲೇ ಕೂತು ರೆಕಾರ್ಡ್ ಮಾಡಬೇಕು.

ಶುರು ಮಾಡುವ ಹಿಂದಿನ ದಿನ ನಮ್ಮ ಓಣಿಯ ಆರೂ ಮನೆಗೆ ಹೋಗಿ ಹೇಳಿ ಬಂದೆ: "ನಮ್ಮನೇಲಿ ಮೂರು ದಿನ ಕಿರುಚಾಟ ಕೇಳ್ತೈತೆ. ಗಾಬರಿಯಾಗಬೇಡ್ರಿ, ಅದು ನನ್ನ ಕೆಲಸ." ಪಕ್ಕದ ಮನೆಯ ಅಕ್ಕ ಹೊಲಿಯುವ ಮೆಷಿನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆಗೆ ಮಾತ್ರ ಇದು ಒಂಚೂರೂ ಹಿಡಿಸಲಿಲ್ಲ. "ಮನ್ಯಾಗೆ ಅಂಥ ಮಾತು ಆಡಬಾರ್ದು ಕಣೇ. ಅಸ್ತು ದೇವತೆಗಳು ತಿರುಗ್ತಿರ್ತಾವೆ. ಏನಂದ್ರೂ ಅಸ್ತು ಅಂದುಬಿಡ್ತಾವೆ" ಎಂದರು. ನಾನು ನಕ್ಕೆ. ಆದರೆ ರೂಮಿನೊಳಗೆ ಹೋಗಿ ಮೈಕಿನ ಮುಂದೆ ನಿಂತಾಗ ಆ ಮಾತೇ ಕಿವಿಯಲ್ಲಿತ್ತು.

ಮೊದಲ ದಿನ ನಾನು ಕಿರುಚಿದಾಗ, ಗೊತ್ತಿದ್ದೂ ಇಬ್ಬರು ಓಡಿ ಬಂದು ಕಿಟಕಿ ಬಡಿದರು. ಎರಡನೇ ದಿನ ಯಾರೂ ಬರಲಿಲ್ಲ. ಮೂರನೇ ದಿನಕ್ಕೆ ಓಣಿ ನನ್ನ ಕೂಗಿಗೆ ಒಗ್ಗಿಹೋಗಿತ್ತು.

ಅವತ್ತು ಉಳಿದಿದ್ದು ಬರೀ ಐದನೇ ನಂಬರಿನವು. ಮುಂಬಾಗಿಲಿಗೆ ಚಿಲಕ ಹಾಕಿ, ಕರೆ ಬರದಂತೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಇಟ್ಟು, ಹೆಡ್‌ಫೋನ್ ಏರಿಸಿ ನಿಂತೆ. ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಬೆವರು ಕಣ್ಣಿಗಿಳಿಯುತ್ತಿತ್ತು. ಗಂಟಲು ಉರಿದು ಸಾಕಾಗಿ ಅರ್ಧ ಗಂಟೆಯ ಮೇಲೆ ನೀರಿಗೆಂದು ಹೊರಗೆ ಬಂದೆ. ನಡುಮನೆಯ ಚಾಪೆ ಖಾಲಿಯಿತ್ತು. ಹಿತ್ತಲ ಬಾಗಿಲು ತೆರೆದಿತ್ತು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅತ್ತೆ ಬಿದ್ದಿದ್ದರು. ತಂತಿಯಿಂದ ತೆಗೆದ ಸೀರೆ ಕೈಯಲ್ಲೇ ಇತ್ತು. ತಲೆಯಿಂದ ರಕ್ತ ಇಳಿದು ಪಾಚಿಯ ಮೇಲೆ ಹರಡಿತ್ತು. ಒಂದು ಕಾಲು ಆಚೆಗೆ ತಿರುಗಿಕೊಂಡಿತ್ತು. ಕಣ್ಣು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ.

ಆ ಸೀರೆಯನ್ನೇ ತಲೆಗೆ ಒತ್ತಿ ಹಿಡಿದೆ. ಅವರ ಬೆರಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು. ಬಿಡಿಸಿಕೊಂಡು ಎದ್ದರೆ ಅಷ್ಟರಲ್ಲಿ ಜೀವ ಹೋಗಿಬಿಟ್ಟರೆ ಎಂಬ ಹೆದರಿಕೆ. ಕೂತಲ್ಲಿಂದಲೇ ಕೂಗಿದೆ. "ಯಾರಾದ್ರೂ ಬರ್ರಿ! ಅತ್ತೆ ಬಿದ್ದವ್ರೆ, ಬರ್ರೀ!"

ಯಾರೂ ಬರಲಿಲ್ಲ. ಗೋಡೆಯಾಚೆ ಹೊಲಿಗೆ ಮೆಷಿನ್ ಓಡುತ್ತಿರುವುದು ಕೇಳುತ್ತಿತ್ತು. ಮತ್ತೆ ಕೂಗಿದೆ. ಮೆಷಿನ್ ನಿಂತಿತು. ಬಂದರು ಎಂದುಕೊಂಡೆ. ಅಕ್ಕ ಯಾರಿಗೋ ಹೇಳಿದರು: "ಇವತ್ತು ಬಾಳ ಚೆನ್ನಾಗಿ ಮಾಡ್ತಾಳೆ ನೋಡು." ಮೆಷಿನ್ ಮತ್ತೆ ಶುರುವಾಯಿತು.

ಆ ಗಳಿಗೆಯಲ್ಲಿ ನನಗಾದದ್ದು ಬರೀ ಹೆದರಿಕೆಯಲ್ಲ. ನಾನೂ ಆ ಶೀಟಿನೊಳಗೆ ಸೇರಿಹೋದೆನೇನೋ, ಇನ್ನು ನಾನು ಏನೇ ಕೂಗಿದರೂ ಅದು ಸುಳ್ಳೇ ಏನೋ ಅನ್ನಿಸಿತು. "ಅಕ್ಕಾ, ನಿಜ ಅಕ್ಕಾ!" ಎಂದೆ. ಗಂಟಲು ಒಡೆದು ಗಾಳಿಯಷ್ಟೇ ಹೊರಬಂತು.

ಆಗ ಮುಂಬಾಗಿಲು ದಬದಬ ಬಡಿದ ಸದ್ದು. "ಅಮ್ಮಾ, ಬಾಗ್ಲು ತೆಗಿ! ಏಮೈಂದಿ? ಬಾಗ್ಲು ತೆಗಿಯಮ್ಮಾ!"

ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓಡಿದೆ. ಬಾಗಿಲಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಹಸಿ ಕಡ್ಲೆಕಾಯಿ ತುಂಬಿದ ಬುಟ್ಟಿ. ಆಂಧ್ರದ ಗಡಿಗೆ ಹತ್ತಿದ ಧರ್ಮಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ಓಣಿ ಓಣಿ ತಿರುಗಿ ಮಾರುವವಳು. ನನ್ನ ಕೈಯ ರಕ್ತ ನೋಡಿದವಳೇ ಏನೂ ಕೇಳದೆ ಒಳಗೆ ನುಗ್ಗಿದಳು. ಹಿತ್ತಲಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ಕೂಗಿದಳು: "ಏನ್ ಜನಾನಪ್ಪ ನೀವು! ಮುದುಕಿ ಸಾಯ್ತಾ ಐತೆ, ಕಿವಿ ಇಲ್ವಾ?"

ಅದು ನನ್ನ ದನಿಯಲ್ಲ. ಅದಕ್ಕೇ ಎಲ್ಲರೂ ಬಂದರು. ಅಕ್ಕ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟರು. "ನಿನ್ನ ಕೆಲಸ ಅನ್ಕಂಡೆ ಕಣೇ... ನಿನ್ನ ಕೆಲಸ ಅನ್ಕಂಡೆ" ಎಂದು ಅಷ್ಟನ್ನೇ ಹೇಳುತ್ತಿದ್ದರು.

ಆಟೋ ಬಂತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ತಲೆಗೆ ಸ್ಕ್ಯಾನ್ ಆಗಬೇಕೆಂದು ಚಿತ್ರದುರ್ಗಕ್ಕೆ ಕಳಿಸಿದರು. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆಯ ಎದೆ ಏಳುತ್ತದೋ ಇಲ್ಲವೋ ಎಂದೇ ನೋಡುತ್ತಿದ್ದೆ. ಒಂದೊಂದು ಸಲ ಏಳಲು ತಡವಾಗುತ್ತಿತ್ತು.

ಫೋನಿನಲ್ಲಿ ಸುದ್ದಿ ಕೇಳಿದ ಯಜಮಾನರು ಹೊಳಲ್ಕೆರೆಯಿಂದ ನಮಗಿಂತ ಮೊದಲೇ ಬಂದು ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದರು. ಅಮ್ಮನನ್ನು ಒಳಗೆ ಕರೆದೊಯ್ದ ಮೇಲೆ ನನ್ನ ಕಡೆ ನೋಡಿ ಕೇಳಿದರು: "ನೀನೆಲ್ಲಿದ್ದೆ?"

"ರೂಮ್ನಾಗೆ ಕಿರುಚ್ತಿದ್ದೆ" ಎಂದೆ.

ಅವರು ತಿರುಗಿ ಅಮ್ಮನನ್ನು ಕರೆದೊಯ್ದ ಬಾಗಿಲ ಕಡೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ತಲೆಯೊಳಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದಾಗ ಸಂಜೆಯಾಗಿತ್ತು. ಸೊಂಟದ ಮೂಳೆ ಮುರಿದಿತ್ತು. ಎರಡು ದಿನ ಬಿಟ್ಟು ಆಪರೇಷನ್ ಆಯಿತು. ಎಚ್ಚರವಾಗಿ ಮಾತು ಸರಿಯಾಗಿ ಬಂದ ದಿನ ಅತ್ತೆ ನನ್ನನ್ನು ಹತ್ತಿರ ಕರೆದರು. ಅಸ್ತು ದೇವತೆಯ ಮಾತು ತೆಗೆಯುತ್ತಾರೆಂದು ತಲೆತಗ್ಗಿಸಿ ಕೂತೆ.

"ಬಿದ್ದ ಕೂಡ್ಲೆ ಕೂಗಿದ್ದೆ ಕಣೇ" ಎಂದರು. "ನೀನು ಒಳಗೆ ಕೂಗ್ತಿದ್ದೆ. ನೀನು ಸುಮ್ಮನಾದ ಮ್ಯಾಲೆ ಕೂಗಾಣ ಅಂತ ಕಾದೆ. ನೀನು ಸುಮ್ಮನಾಗ್ಲೇ ಇಲ್ಲ."

ಅವರ ಕೈ ಹಿಡಿದುಕೊಂಡೆ.

ಸ್ಟುಡಿಯೋದವಳು ಪಾಪ, ಒಂದು ವಾರ ಫೋನ್ ಮಾಡಲಿಲ್ಲ. ಆಮೇಲೆ ಮೆತ್ತಗೆ, "ಐದನೇ ನಂಬರಿನವು ಇನ್ನೂ ಹನ್ನೊಂದು ಉಳಿದಿವೆ ಮೇಡಂ" ಎಂದಳು. ಮೈಕಿನ ಮುಂದೆ ನಿಂತು ನೋಡಿದೆ. ಬಾಯಿ ತೆರೆಯುತ್ತಿತ್ತು, ಕೂಗು ಬರುತ್ತಿರಲಿಲ್ಲ. ಕೊನೆಗೆ ಅವನ್ನು ಬೇರೆ ಯಾರೋ ಕೂಗಿದರಂತೆ. ಈಗ ಗೇಮು ಬಂದಿದೆ. ಸಬ್‌ಟೈಟಲ್ ಕಡಿಮೆಯಾದದ್ದು ನಿಜ. ಗೇಮಿನ ಪರದೆಯ ಮೇಲೆ ಬರುವ ಸಣ್ಣಪುಟ್ಟ ಸೂಚನೆಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಆ ಒಂದು ಗೇಮನ್ನು ಮಾತ್ರ ತೆರೆದು ನೋಡಿಲ್ಲ.

ಕಡ್ಲೆಕಾಯಿ ಮಾರುವಾಕೆ ತಿಂಗಳು ಬಿಟ್ಟು ಓಣಿಗೆ ಬಂದಾಗ ಒಳಗೆ ಕರೆದು ಕೂರಿಸಿ ಊಟಕ್ಕಿಟ್ಟೆ. ನೀನೊಬ್ಬಳೇ ಹೇಗೆ ನಂಬಿದೆ ಎಂದು ಕೇಳಿದೆ. "ನಾನು ಈ ಓಣಿಯೋಳಲ್ಲಮ್ಮ. ನನಗ್ಯಾರೂ ಹೇಳಿರ್ಲಿಲ್ಲ" ಎಂದಳು.

ಅತ್ತೆ ಈಗ ವಾಕರ್ ಹಿಡಿದು ಹಿತ್ತಲವರೆಗೆ ಹೋಗಿಬರುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ನಾನು ರೂಮಿನಲ್ಲಿ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಕೂರುತ್ತೇನೆ. ವಾಕರಿನ ಟಕ್ ಟಕ್ ನಿಂತರೆ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಡುತ್ತದೆ. ಕರೆಯಬೇಕೆನಿಸುತ್ತದೆ. ಉತ್ತರ ಬರದಿದ್ದರೆ ಎಂದು ಹೆದರಿ, ಕರೆಯದೆಯೇ ಎದ್ದು ಹೋಗುತ್ತೇನೆ.