ನಮ್ಮ ಎಡಚ ಹೀರೋ

ನನ್ನ ತಲೆ ಕೆಟ್ಟಿಲ್ಲ! ನಾನು ನೋಡಿದ ಸಿನೆಮಾ ನಾನು ನೋಡಿದ ಹಾಗೆಯೇ ಇತ್ತು! ಬೇರೆ ಮಾತು ಆಮೇಲೆ, ಮೊದಲು ಈ ಸುದ್ದಿ ಕೇಳಿಸಿಕೊಳ್ಳಿ. ಮೊನ್ನೆ ಮಧ್ಯಾಹ್ನ ವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಗಂಡ, ಮೊಮ್ಮಗಳು, ನನ್ನ ಬಾಲ್ಯದ ಗೆಳತಿ ಮೂವರ ಎದುರಿಗೇ ಇದು ಸಾಬೀತಾಯಿತು. ಓಣಿಗೆ ಬಂದು ಕೂಗಬೇಕು ಅನ್ನಿಸಿತು. ಕೂಗಿಯೂ ಬಿಟ್ಟೆ. ಎದುರು ಮನೆಯವಳು ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದು, "ಯಾರು ಹಡದಾರ್ರಿ ಆಯಿ?" ಎಂದು ಕೇಳಿದಳು.

"ಯಾರೂ ಹಡದಿಲ್ಲವ್ವಾ, ನಾನೇ ಮತ್ತೊಮ್ಮೆ ಹುಟ್ಟೀನಿ!" ಎಂದೆ.

ನನಗೆ ಸಿನೆಮಾದ ಹುಚ್ಚು. ಅದೂ ಹಳೆಯ ಸಿನೆಮಾ, ಬಣ್ಣವಿಲ್ಲದ್ದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಓಣಿಯ ಹೆಣ್ಣುಮಕ್ಕಳು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ನಮ್ಮ ಕಟ್ಟೆಗೆ ಬರುತ್ತಾರೆ. ಅವರು ಕಲ್ಲು ಆರಿಸುತ್ತಾರೆ, ನಾನು ಸಿನೆಮಾ ಹೇಳುತ್ತೇನೆ. ಮೊದಲ ದೀಪ ಹತ್ತಿದಲ್ಲಿಂದ ಹಿಡಿದು ಕೊನೆಯ ಕಣ್ಣೀರಿನವರೆಗೆ, ಯಾರು ಯಾವ ಬಾಗಿಲಿನಿಂದ ಬಂದರು, ಯಾವ ಕೈಯಲ್ಲಿ ಸೆರಗು ಹಿಡಿದರು ಎಲ್ಲವನ್ನೂ. ನಾನು ಸಾಲೆ ಕಲಿತವಳಲ್ಲ. ನಾಲ್ಕು ಅಕ್ಷರ ಬಂದದ್ದು ಮದುವೆಯಾದ ಮೇಲೆ, ಮಗ ತನ್ನ ಪಾಟಿಯ ಮೇಲೆ ಬರೆಯುವಾಗ ಪಕ್ಕದಲ್ಲಿ ಕೂತು. ಆದ್ದರಿಂದ ನನ್ನ ಪುಸ್ತಕವೆಲ್ಲ ಕಣ್ಣಿನಲ್ಲೇ ಇದೆ.

ನನ್ನ ಗಂಡನಿಗೂ ಇದೇ ಹುಚ್ಚು. ಅವರು ರೇಲ್ವೆಯಲ್ಲಿ ಹಳಿ ನೋಡುವ ಗ್ಯಾಂಗಿನಲ್ಲಿದ್ದವರು. ನಾನು ಹೊರಗೆ ಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದರೆ, ಒಳಗೆ ಮಲಗಿದಲ್ಲಿಂದಲೇ ತಪ್ಪು ಹಿಡಿಯುತ್ತಾರೆ. ಬೇರೆಯವರ ಮನೆಯಲ್ಲಿ ಉಪ್ಪು ಖಾರಕ್ಕೆ ಜಗಳವಾದರೆ ನಮ್ಮಲ್ಲಿ ಹೀರೋಯಿನ್ನಿನ ಮೂಗುತಿಗೆ. ಅದರಲ್ಲಿ ಒಂದು ಜಗಳ ಮಾತ್ರ ನಮ್ಮ ಸಂಸಾರದಷ್ಟೇ ಹಳೆಯದು.

ಇಬ್ಬರೂ ಚಿಕ್ಕವರಿದ್ದಾಗ, ಒಬ್ಬರನ್ನೊಬ್ಬರು ಅರಿಯದ ಕಾಲದಲ್ಲಿ, ವಾಡಿಯ ಡೇರೆಯಲ್ಲಿ ನೋಡಿದ ಸಿನೆಮಾ ಅದು. ತಾಯಿಗೆ ಒಬ್ಬನೇ ಮಗ. ಮದುವೆಯಾಗುತ್ತಾನೆ, ಅತ್ತೆ ಸೊಸೆಗೆ ಆಗಿ ಬರುವುದಿಲ್ಲ, ನಡುವೆ ಬೆಂದು ಬೆಂದು ಕೊನೆಗೆ ರೇಲುಗಾಡಿ ಹತ್ತಿ ಊರು ಬಿಡುತ್ತಾನೆ. ಅವನು ಎಡಚ. ಹೆಂಡತಿಯ ಹಣೆಗೆ ಕುಂಕುಮ ಹಚ್ಚಿದ್ದು ಎಡಗೈಯಿಂದ, ತಾಯಿಯ ಎದುರು ಕೂತು ಉಂಡದ್ದೂ ಎಡಗೈಯಿಂದ. "ಶುಭಕಾರ್ಯ ಎಡಗೈಲೆ ಮಾಡಿದ ನೋಡ್ರೆವ್ವಾ, ಅದಕ್ಕೇ ಸಂಸಾರ ಮುರೀತು" ಎಂದು ನಾನು ಕಥೆ ಮುಗಿಸುತ್ತಿದ್ದೆ. ಅದನ್ನು ಕೇಳಿ ಓಣಿಯ ಎಷ್ಟು ತಾಯಂದಿರು ಮಕ್ಕಳ ಎಡಗೈಗೆ ಏಟು ಕೊಟ್ಟಿದ್ದಾರೋ!

ಒಳಗಿನಿಂದ ಗಂಡನ ದನಿ ಬರುತ್ತಿತ್ತು: "ಎಡಚ ಯಾರಬೇ, ನಿಮ್ಮಪ್ಪ ಏನು? ಬಲಗೈಲೆ ಹಚ್ಚಿದ್ದು ನಾ ಕಣ್ಣಾರೆ ನೋಡೀನಿ."

"ನಿಮ್ಮ ಕಣ್ಣು ಆವಾಗ ಹೀರೋಯಿನ್ ಮ್ಯಾಲ ಇದ್ದಿರಬೇಕು, ಕೈ ಎಲ್ಲಿ ಕಾಣಬೇಕು!"

ಹೀಗೆ ನಗುತ್ತ ನಡೆದಿದ್ದ ಜಗಳ ಈ ವರ್ಷ ನಗುವ ಮಾತಾಗಿ ಉಳಿಯಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತೆ. ಮಗನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಸಿಮೆಂಟ್ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದ ಮಗ ಆ ಚಹಾ ಕುಡಿದು ಬೈದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವನು ಬೈಯಲಿಲ್ಲ. ಮೆತ್ತಗೆ, "ಇರಲಿ ಬಿಡವ್ವಾ" ಎಂದ. ಆ ಮೆತ್ತನೆಯ ಮಾತಿಗೇ ನಾನು ಹೆದರಿದ್ದು. ನನ್ನ ಹಡೆದವ್ವನ ಜೊತೆ ಕೊನೆಕೊನೆಗೆ ನಾವೆಲ್ಲ ಹೀಗೆಯೇ ಮಾತಾಡುತ್ತಿದ್ದೆವು. ಆಕೆ ನನ್ನ ಕೈಯಿಂದಲೇ ಉಂಡು, ನನ್ನ ಮುಖ ನೋಡಿ, "ನೀ ಯಾರ ಮನಿ ಮಗಳವ್ವಾ, ಭಾಳ ಛಲೋ ಅದಿ" ಎಂದಿದ್ದಳು.

ಅದೇ ಹೊತ್ತಿಗೆ ಮೊಮ್ಮಗಳು ಆ ಸಿನೆಮಾ ಹುಡುಕಿಬಿಟ್ಟಳು. ಸೇಡಂಗೆ ಕಾಲೇಜಿಗೆ ಹೋಗಿ ಬರುವ ಹುಡುಗಿ. ಗಾಡಿಯಲ್ಲಿ ಕೂತು ಫೋನಿನಲ್ಲಿ ನನ್ನ ಕಥೆಯ ಗುರುತು ಹಿಡಿದು ಹುಡುಕಿದಳಂತೆ. "ಆಯಿ, ನಿನ್ನ ಎಡಚ ಸಿಕ್ಕ!" ಎನ್ನುತ್ತಲೇ ಮನೆಯೊಳಗೆ ಬಂದಳು. ಅದನ್ನು ಟಿವಿಗೆ ಹಚ್ಚಿದಳು. ಅವನು ಬಂದ. ಅದೇ ಗುಂಗುರು ಕೂದಲು, ಅದೇ ತೋಳು ಮಡಚಿದ ಅಂಗಿ. ನನ್ನ ಹಲ್ಲು ಬಿದ್ದವು, ಸೊಂಟ ಬಾಗಿತು, ಅವನಿಗೆ ಮಾತ್ರ ಒಂದು ದಿನವೂ ವಯಸ್ಸಾಗಿಲ್ಲ. ನಾನು ಕೈಮುಗಿದೆನೋ ಏನೋ, ನೆನಪಿಲ್ಲ. ಆಮೇಲೆ ಅವನು ಕುಂಕುಮದ ಭರಣಿಗೆ ಕೈ ಹಾಕಿದ.

ಬಲಗೈ.

"ನೋಡು! ನಾ ಏನಂದಿದ್ದೆ?" ಎಂದು ಗಂಡ ತೊಡೆ ತಟ್ಟಿದರು. ತಟ್ಟಿ ನನ್ನ ಕಡೆ ತಿರುಗಿದವರು ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಅವರು ಗೆದ್ದೂ ನಗದೆ ಇದ್ದದ್ದು ಅದೇ ಮೊದಲು. ಕೈಯೊಂದೇ ಅಲ್ಲ. ಹೀರೋಯಿನ್ನಿನ ಗಲ್ಲದ ಮಚ್ಚೆ ಈ ಗಲ್ಲದಿಂದ ಆ ಗಲ್ಲಕ್ಕೆ ಹೋಗಿತ್ತು, ತುಳಸಿಕಟ್ಟೆ ಅಂಗಳದ ಈ ಮೂಲೆಯಿಂದ ಆ ಮೂಲೆಗೆ. ಕೊನೆಯ ಗಾಡಿಯೂ ಉಲ್ಟಾ ಓಡಿತು. ನನ್ನ ಕಣ್ಣಿನ ಪುಸ್ತಕದಲ್ಲಿ ಒಂದು ಪುಟವೂ ಸರಿಯಿರಲಿಲ್ಲ.

ಮುಂದಿನ ವಾರ ಕಲಬುರಗಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಮಗ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ. ಓಣಿಯ ಹೆಣ್ಣುಮಕ್ಕಳು ಮೊರ ಹಿಡಿದು ಬಂದರೆ ತಲೆನೋವು ಎಂದು ಹೇಳಿ ಕಳಿಸಿದೆ. ಡಾಕ್ಟರಿಗಿಂತ ನನ್ನ ಒಳಗಿನ ಮಾತೇ ಹೆಚ್ಚು ಹೆದರಿಸುತ್ತಿತ್ತು. ಇಷ್ಟು ಖಚಿತವಾಗಿ ಕಂಡದ್ದೇ ಸುಳ್ಳಾದರೆ ಉಳಿದದ್ದರ ಗತಿಯೇನು? ನನ್ನ ಮದುವೆಯ ಹಂದರ, ಮಗ ಮೊದಲು ಹೆಜ್ಜೆಯಿಟ್ಟ ಅಂಗಳ, ನನ್ನ ಅವ್ವನ ಮುಖ, ಇವೆಲ್ಲ ಖರೆ ಇದ್ದವೋ, ನಾನೇ ಕಟ್ಟಿಕೊಂಡವೋ?

ಅಂಥದರಲ್ಲಿ ಮೊನ್ನೆ ಶಹಾಬಾದಿನಿಂದ ಗೆಳತಿ ಬಂದಳು. ನಮ್ಮಿಬ್ಬರ ತವರು ಚಿತ್ತಾಪುರದ ಹತ್ತಿರ ಒಂದೇ ಹಳ್ಳಿ, ಒಂದೇ ಬಾವಿಯ ನೀರು. ಅವಳನ್ನು ಶಹಾಬಾದಿಗೆ ಕೊಟ್ಟರು, ನನ್ನನ್ನು ವಾಡಿಗೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಎಲೆಯಡಿಕೆ ಬಾಯಿಗಿಟ್ಟು, "ಏನಾರ ಹಳೇ ಪಿಚ್ಚರ್ ಹಚ್ಚು ಬೇಟಿ" ಎಂದು ಮೊಮ್ಮಗಳಿಗೆ ಹೇಳಿದಳು. ಬೇಡ ಎಂದು ನಾನು ಸನ್ನೆ ಮಾಡಿದೆ. ಹುಡುಗಿ ನೋಡಲಿಲ್ಲ, ಅದನ್ನೇ ಹಚ್ಚಿದಳು. ನಾನು ಮುಖ ತಿರುಗಿಸಿ ಗೋಡೆ ನೋಡುತ್ತ ಕೂತೆ.

ಕುಂಕುಮದ ಹೊತ್ತು ಬಂದಿತು. ಖಾಲಾ ಎಲೆ ಅಗಿಯುವುದನ್ನು ನಿಲ್ಲಿಸಿದಳು.

"ಅರೇ! ಇಂವ ಎಡಚ ಇದ್ದನಲ್ಲ! ಕೈ ಯಾಕ ಬದಲಾತು ಇವನ್ದು?"

ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ದೇವರಾಣೆ, ಯಾರೂ ಹೇಳಿರಲಿಲ್ಲ.

ನನ್ನ ಗಂಡ ಒರಗಿದಲ್ಲಿಂದ ಎದ್ದು ಕೂತರು. "ಖಾಲಾ, ನಿನಗೂ ಎಡಗೈ ಕಂಡಿತ್ತೇನು?"

"ನನಗ ಏನು ಭಾಯ್‌ಸಾಬ್, ಬಂಡಿ ಕಟ್ಟಿಕೊಂಡು ವಾಡಿಗೆ ಬಂದಿದ್ದ ನಮ್ಮ ಹಳ್ಳಿ ಹೆಣ್ಮಕ್ಕಳಿಗೆಲ್ಲ ಎಡಗೈನೇ ಕಂಡದ. ಮಚ್ಚಿನೂ ಈ ಕಡಿ ಇತ್ತು."

"ಹೌದಿಲ್ಲ? ಈ ಕಡಿನೇ ಇತ್ತಿಲ್ಲ?" ನಾನು ಅವಳ ಮೊಣಕೈ ಹಿಡಿದುಕೊಂಡೆ. ಒಬ್ಬರ ತಲೆ ಕೆಡಬಹುದು, ಇಬ್ಬರ ತಲೆ ಒಂದೇ ರೀತಿ ಕೆಡುವುದೇ?

ನನ್ನ ಗಂಡ ಹಳಿಯಲ್ಲಿ ಬಿರುಕು ಹುಡುಕುವವರ ಹಾಗೆ ಕಣ್ಣು ಕಿರಿದು ಮಾಡಿ ಕೇಳಿದರು: "ನೀವಿಬ್ಬರೂ ಎಲ್ಲಿ ಕುಂತಿದ್ರಿ?"

"ಎಲ್ಲಿ ಅಂದ್ರ? ಹೆಣ್ಮಕ್ಕಳ ಕಡಿ" ಎಂದಳು ಖಾಲಾ. "ಪರದಾದ ಹಿಂದ."

"ಪರದಾದ ಹಿಂದ ಅಂದ್ರ?" ಮೊಮ್ಮಗಳು ಫೋನು ಕೆಳಗಿಟ್ಟಳು.

ಅವಳಿಗೆ ಗೊತ್ತಿಲ್ಲದ್ದರಲ್ಲಿ ತಪ್ಪಿಲ್ಲ, ಹೇಳಿದವರಾರು? ನಮ್ಮ ಕಾಲದ ಡೇರೆಯಲ್ಲಿ ಬಿಳಿ ಬಟ್ಟೆಯ ಪರದೆ ನಡುವೆ ನಿಲ್ಲುತ್ತಿತ್ತು. ಮುಂದೆ ಗಂಡಸರು. ಅವರ ಜೊತೆ ಕೂಡುವುದು ಸರಿಯಲ್ಲ ಎಂದು ನಮ್ಮೆಲ್ಲರನ್ನು, ಸೀರೆಯವರು ಬುರ್ಖಾದವರು ಎನ್ನದೆ, ಪರದೆಯ ಹಿಂಬದಿಗೆ ಕೂಡಿಸುತ್ತಿದ್ದರು. ಆಟ ಶುರುವಾಗುವ ಮೊದಲು ಒಬ್ಬನು ಬಂದು ಪರದೆಗೆ ನೀರು ಹೊಡೆಯುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಬೆಳಕು ಇತ್ತಕಡೆಗೂ ಹಾಯುತ್ತಿತ್ತು. ಬೇಸಿಗೆಯಲ್ಲಿ ಆ ಒದ್ದೆ ಬಟ್ಟೆಯ ತಂಪು ಮುಖಕ್ಕೆ ಬರುತ್ತಿದ್ದರೆ, ಒಳಗಿನವರೆಲ್ಲ ಈಗಷ್ಟೇ ಮೈ ತೊಳೆದು ಬಂದವರ ಹಾಗೆ ಹೊಳೆಯುತ್ತಿದ್ದರು. ಅದು ಹಿಂಬದಿ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ. ಗಂಡಸರೇ ಹಿಂದೆ ಕೂತಿದ್ದಾರೆ ಎಂದು ತಿಳಿದಿದ್ದೆವು.

ಮೊಮ್ಮಗಳು ಚಂಗನೆ ಎದ್ದಳು. ಗೋಡೆಯ ಕನ್ನಡಿ ಇಳಿಸಿಕೊಂಡು ಬಂದಳು. "ಆಯಿ, ಟಿವಿಗೆ ಬೆನ್ನು ಮಾಡಿ ಕೂಡು. ಇದರಾಗ ನೋಡು." ಸಿನೆಮಾವನ್ನು ಮತ್ತೆ ಮೊದಲಿನಿಂದ ಹಚ್ಚಿದಳು.

ಸೊಸೆಯ ಹಣೆಯ ಟಿಕಳಿ ಅಂಟಿದ ಆ ಕನ್ನಡಿಯಲ್ಲಿ ಮೊದಲು ಬಂದದ್ದು ಅಕ್ಷರ. ಯಾವ ಭಾಷೆಯದೋ ನನಗೆ ಇವತ್ತಿಗೂ ಓದಲು ಬಾರದು, ಆದರೆ ಗುರುತು ಹತ್ತಿತು. ಚಿಕ್ಕವಳಿದ್ದಾಗ ಅದರಲ್ಲಿ ಒಂದು ಅಕ್ಷರ ಬಾಲ ಎತ್ತಿದ ಬೆಕ್ಕಿನ ಹಾಗೆ ಕಂಡಿತ್ತು, ಆ ಬೆಕ್ಕು ಖಾಲಾ ಕೂತ ಕಡೆಗೆ ಮುಖ ಮಾಡಿತ್ತು. ಕನ್ನಡಿಯಲ್ಲಿ ಅದೇ ಬೆಕ್ಕು, ಅದೇ ಕಡೆ ಮುಖ! ಆಗ ನಮ್ಮಲ್ಲಿ ಒಬ್ಬಳಿಗಾದರೂ ಓದು ಬರುತ್ತಿದ್ದರೆ ಅಕ್ಷರ ತಿರುವುಮುರುವು ಇದೆ ಎಂದು ಆವತ್ತೇ ತಿಳಿಯುತ್ತಿತ್ತು. ಓದು ಬಾರದ ನಮಗೆ ಬೆಕ್ಕು ಯಾವ ಕಡೆ ನೋಡಿದರೂ ಬೆಕ್ಕೇ.

ಆಮೇಲೆ ಅವನು ಬಂದ. ಭರಣಿಗೆ ಕೈ ಹಾಕಿದ. ಎಡಗೈ! ಮಚ್ಚೆ ತನ್ನ ಗಲ್ಲಕ್ಕೆ ಮರಳಿತು. ತುಳಸಿಕಟ್ಟೆ ತನ್ನ ಮೂಲೆಗೆ ಮರಳಿತು. ಒಂದೊಂದಾಗಿ ಎಲ್ಲವೂ ನನ್ನ ಬಳಿಗೆ ನಡೆದುಬಂದವು, ನನ್ನ ಅವ್ವನ ಮುಖವೂ. ಓಣಿಗೆ ಓಡಿ ಕೂಗಿದ್ದು ಆವಾಗಲೇ.

ಮರಳಿ ಒಳಗೆ ಬಂದರೆ ನನ್ನ ಜಾಗದಲ್ಲಿ ಗಂಡ ಟಿವಿಗೆ ಬೆನ್ನು ಮಾಡಿ, ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಯಿ ತೆರೆದೇ ಇತ್ತು. ಪರದೆಯ ಆಚೆ ಹೆಣ್ಣುಮಕ್ಕಳು ಇರುತ್ತಾರೆ ಎಂದು ಅವರಿಗೆ ಗೊತ್ತಿತ್ತು, ಬಳೆಯ ಸಪ್ಪಳ ಕೇಳುತ್ತಿತ್ತಂತೆ. ಆದರೆ ಅಲ್ಲಿಂದ ಏನು ಕಾಣುತ್ತದೆ ಎಂದು ಇಷ್ಟು ವರ್ಷ ವಿಚಾರ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ ಬಿಡಿ. ಒಂದೇ ಬಟ್ಟೆ, ಒಂದೇ ಬೆಳಕು, ಎರಡು ಸಿನೆಮಾ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊನೆಯ ಗಾಡಿ ಬಂದಾಗ ಖಾಲಾ ನಕ್ಕಳು. "ಆವತ್ತು ಗಾಳಿ ಬಿಟ್ಟಿತ್ತು ನೋಡು. ಪರದಾ ಉಬ್ಬಿ ಗಾಡಿ ನಮ್ಮ ಮ್ಯಾಲೇ ಬಂತು. ನೀ ಹೆಂಗ ಚೀರಿದ್ದಿ!"

ಗಂಡ ಕನ್ನಡಿ ಕೆಳಗಿಟ್ಟರು. "ಗಾಳಿ?" ಎಂದರು. "ನಮ್ಮ ಕಡಿ ಪರದಾ ಒಳಗ ಹೋತು. ಹಿಂದ ಯಾವಾಕಿನೋ ಹುಡುಗಿ ಚೀರಿದಳು. ನಾವು ಹುಡುಗರೆಲ್ಲ ಹೊಟ್ಟಿ ಹಿಡಕೊಂಡು ನಕ್ಕಿವಿ." ನನ್ನ ಕಡೆ ತಿರುಗಿ ಕೇಳಿದರು: "ಅದು ನೀ ಏನು?"

"ನಾನಲ್ಲದ ಮತ್ತ್ಯಾರು? ನಕ್ಕದ್ದು ನೀವೇನು?"

ಅವರು ನನ್ನನ್ನೇ ನೋಡಿದರು. ಹೆಣ್ಣು ನೋಡಲು ಬಂದಾಗಲೂ ಅವರು ಹಾಗೆ ನೋಡಿರಲಿಲ್ಲ. ಕೊನೆಗೆ, "ಎಡಾ ಬಲಾ ಬಿಡು, ಗಾಡಿ ಯಾ ಕಡಿ ಹೋತು?" ಎಂದರು.

ಡೇರೆ ನಿಂತಿದ್ದ ಆ ಮೈದಾನವನ್ನು ನಾನು ಕಣ್ಣಿಗೆ ತಂದುಕೊಂಡೆ. "ಚಿತ್ತಾಪುರ ಕಡಿಂದ ಬಂದು ಶಹಾಬಾದ್ ಕಡಿ."

"ನಮಗೂ ಶಹಾಬಾದ್ ಕಡಿನೇ" ಎಂದರು.

"ನಮ್ಮೂರಿಗೇ ಬಂತಲ್ಲ ಹಂಗಾದ್ರ!" ಎಂದು ಖಾಲಾ ಚಪ್ಪಾಳೆ ತಟ್ಟಿದಳು.

ಸಂಜೆ ಮಗ ಬಂದ. ಅವನು ಚಪ್ಪಲಿ ಬಿಚ್ಚುವ ಮೊದಲೇ ಮೊಮ್ಮಗಳು ಎಲ್ಲ ಹೇಳಿದಳು, ಕನ್ನಡಿಯನ್ನೂ ತೋರಿಸಿದಳು. ಅವನು ಕೇಳಿ, ಕಣ್ಣೊರೆಸಿಕೊಂಡು, ತನ್ನ ಹಳೆಯ ಗಟ್ಟಿ ದನಿಯಲ್ಲಿ, "ಮತ್ತ ಚಹಾದಾಗ ಉಪ್ಪು ಯಾಕ ಹಾಕಿದಿ?" ಎಂದು ಗದರಿದ. ಆಹಾ, ಆ ಗದರಿಕೆ! ಡಾಕ್ಟರ ಹತ್ತಿರ ಬರುತ್ತೇನೆ ನಡಿ ಎಂದೆ. ಹಾಲಿನ ವಿಷಯ ಅವರು ನೋಡಲಿ, ಸಿನೆಮಾದ ವಿಷಯ ಕೇಳಿದರೆ ಅವರನ್ನೇ ಕೂಡಿಸಿ ಕಥೆ ಹೇಳುತ್ತೇನೆ.

ಸೊಸೆ ಗೋಧಿ ಹುಗ್ಗಿ ಮಾಡಿದ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಖಾಲಾಳನ್ನು ಶಹಾಬಾದಿಗೆ ಹೋಗಲು ಬಿಡಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ದುಂಡಗೆ ಕೂತೆವು. ಮೊಮ್ಮಗಳು ಬೇಕೆಂದೇ ಎಡಗೈಯಿಂದ ರೊಟ್ಟಿ ಮುರಿದಳು. ಸೊಸೆ ರಟ್ಟೆಗೆ ಒಂದು ಕೊಡಲು ಕೈ ಎತ್ತಿದಳು.

"ಹೊಡಿಬ್ಯಾಡವ್ವಾ" ಎಂದರು ನನ್ನ ಗಂಡ, ಹುಗ್ಗಿಯ ಬಟ್ಟಲನ್ನು ನನ್ನ ಕಡೆ ಸರಿಸುತ್ತ. "ಆ ಕಡಿಂದ ನೋಡಿದವರಿಗೆ ಅದು ಬಲಗೈನೇ."