ಕೌದಿಯ ಹೊಟ್ಟೆಗೊಂದು ಚೂರು ಹೋಳಿಗೆ

ಮೊಮ್ಮಗಳ ಮದುವೆಗೆಂದು ಹೊಲಿಯುತ್ತಿರುವ ಕೌದಿಯಲ್ಲಿ ಒಂದೇ ಮೂಲೆ ಬಾಕಿ. ಒಳಗೆ ಸೊಸೆ ಹೋಳಿಗೆ ಬೇಯಿಸುತ್ತಿದ್ದಾಳೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ನಾನು ತವರೂರು ಕಲ್ಲೋಳಿಯ ಮನೆಯ ಪಡಸಾಲೆಯಲ್ಲಿ ಕುಣಿಯುವ ಹುಡುಗಿಯಾದೆ.

ಸ್ವಾತಂತ್ರ್ಯಕ್ಕೂ ಮುಂಚಿನ ಮಾತು. ಹೊಸದಾಗಿ ಮದುವೆಯಾದ ಅಕ್ಕ ಗಂಡನ ಮನೆಗೆ ಒಯ್ಯಲೆಂದು ಅಜ್ಜಿ ಹಳೆ ಸೀರೆ, ಧೋತರದ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಕೊನೆಗೆ ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಅದರ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ. ಕೌದಿಗೆ ಹೋಳಿಗೆ ಎಂದರೆ ನಮಗೂ ಹೋಳಿಗೆ. ವರ್ಷವಿಡೀ ರೊಟ್ಟಿ ತಿಂದವಳಿಗೆ ತಾಳ್ಮೆ ಎಲ್ಲಿಯದು? ಸೂಜಿಗೆ ದಾರ ಪೋಣಿಸಿ ಕೊಟ್ಟವಳೇ ನಾನು.

"ಲಗೂ ಹೊಲಿ ಆಯಿ."

"ಲಗೂ ಮುಗದ್ರ ಅಕ್ಕಾನೂ ಲಗೂ ಹೊಕ್ಕಾಳ, ಹುಚ್ಚಿ."

ನನಗೆ ಹೋಳಿಗೆಯದೇ ಧ್ಯಾನ.

ಆ ದಿನ ಅಕ್ಕ ತನ್ನ ಪಾಲಿನ ಹೋಳಿಗೆ ಮುರಿದು ಒಂದು ಚೂರನ್ನು ಕೌದಿಯೊಳಗಿಟ್ಟಳು, ಉಳಿದದ್ದನ್ನೆಲ್ಲ ನನ್ನ ಬಾಯಿಗೆ ತುರುಕಿದಳು. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಗಂಡನೂರು ಹುಕ್ಕೇರಿಯಿಂದ ಎತ್ತಿನ ಚಕ್ಕಡಿ ಬಾಗಿಲಿಗೆ ಬಂತು. ಬಾಯಿ ತುಂಬ ಹೋಳಿಗೆ. ನುಂಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಈಗ ಒಳಗಿಂದ ಮೊಮ್ಮಗಳು ಕೂಗುತ್ತಿದ್ದಾಳೆ, "ಲಗೂ ಮುಗಸ ಆಯಿ, ಹೋಳಿಗಿ ಆರಾಕತ್ತಾವ."

ಆರಲಿ. ಈ ಸಲ ನನಗೇನೂ ಅವಸರವಿಲ್ಲ.