ವಾಸನೆಯಿಲ್ಲದ ಬಿಯರ್

ಯಾವುದೋ ವಾಸನೆ ಮೂಗಿಗೆ ಬಡಿದ ಕೂಡಲೇ ಹಳೆಯದೆಲ್ಲ ತಾನಾಗಿ ಎದ್ದುಬರುತ್ತದೆ ಎಂದು ನೆನಪುಗಳನ್ನು ಬರೆಯುವವರು ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ನನ್ನ ಗಂಡನಿಗೆ ವಾಸನೆಯೇ ಬರುವುದಿಲ್ಲ, ಆದರೂ ಅವನಿಗೆ ಎಲ್ಲ ನೆನಪಿದೆ. ನನ್ನ ಮೂಗು ಚೆನ್ನಾಗಿಯೇ ಇದೆ, ನನ್ನ ನೆನಪುಗಳು ಮಾತ್ರ ಒಂದಕ್ಕೊಂದು ಕೂಡುವುದಿಲ್ಲ.

ಆದ್ದರಿಂದ ಕೈಯಿಂದ ಮುಟ್ಟಿ ನೋಡಬಹುದಾದದ್ದರಿಂದ ಶುರುಮಾಡುತ್ತೇನೆ. ಈ ಪರದೇಶದ ಪುಂಗೋಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಇಲ್ಲಿನ ಹೊಸ ಫ್ಲ್ಯಾಟುಗಳಲ್ಲೆಲ್ಲ ಇರುವಂತೆ, ಒಂದು ಬಾಂಬ್ ಶೆಲ್ಟರ್ ಇದೆ. ದಪ್ಪ ಗೋಡೆ, ಉಕ್ಕಿನ ಬಾಗಿಲು, ಕಿಟಕಿ ಇಲ್ಲ. ಯುದ್ಧ ಬಂದರೆ ಅಡಗಿಕೊಳ್ಳಲು ಕಟ್ಟಿದ ಕೋಣೆ. ಯುದ್ಧ ಬರುವ ತನಕ ಎಲ್ಲರೂ ಅದರಲ್ಲಿ ಸೂಟ್‌ಕೇಸು, ಅಕ್ಕಿ ಚೀಲ, ಇಸ್ತ್ರಿ ಟೇಬಲ್ಲು ತುಂಬುತ್ತಾರೆ. ನಮ್ಮದರಲ್ಲಿ ಮುಚ್ಚಳ ಬಿಗಿದ ಒಂದು ದೊಡ್ಡ ಬಿಳಿ ಬಕೆಟ್ಟು ನೀರಿನ ಟಬ್ಬಿನಲ್ಲಿ ನಿಂತಿರುತ್ತಿತ್ತು. ಸುತ್ತ ಒದ್ದೆ ಟವೆಲು, ಟಬ್ಬಿನಲ್ಲಿ ಐಸ್ ಕಟ್ಟಿದ ನೀರಿನ ಬಾಟಲಿಗಳು. ಈ ಊರಿನ ಸೆಕೆಗೆ ಬಿಯರ್ ಕೆಡದಂತೆ ಹುದುಗಬೇಕಾದರೆ ಇಷ್ಟು ಉಪಚಾರ ಬೇಕು.

ಲೋಕಕ್ಕೆಲ್ಲ ಹಬ್ಬಿದ ಆ ಜ್ವರ ಬಂದು ಹೋಗುವ ಮೊದಲು ನನ್ನ ಗಂಡನದು ಚುರುಕು ಮೂಗು. ಲಿಫ್ಟ್‌ನಿಂದ ಹೊರಬಂದವನು ಕಾರಿಡಾರ್‌ನಲ್ಲಿ ನಿಂತು, ಯಾವ ಮನೆಯಲ್ಲಿ ಮೀನು, ಯಾವ ಮನೆಯಲ್ಲಿ ತೆಂಗಿನಹಾಲಿನ ಅನ್ನ, ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು ಎಂದು ಹೇಳಿಬಿಡುತ್ತಿದ್ದ. ಜ್ವರ ಹೋಯಿತು, ಕೆಮ್ಮು ಹೋಯಿತು, ವಾಸನೆ ಮರಳಲಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಕಾಯಿರಿ ಎಂದರು ಡಾಕ್ಟರು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿದ್ದವು. ಉಳಿದಿದ್ದು ಅವು ಮಾತ್ರ. ಸಾರು ಎಂದರೆ ಬಿಸಿ ಮತ್ತು ಹುಳಿ. ಕಾಫಿ ಎಂದರೆ ಬಿಸಿ ಮತ್ತು ಕಹಿ. ತಟ್ಟೆಯ ಮುಂದೆ ಕೂತು ಅವನು ಅರ್ಜಿ ತುಂಬುವವನಂತೆ ಉಣ್ಣುತ್ತಿದ್ದ.

ಆಗ ಮನೆಯಿಂದಲೇ ಕೆಲಸ. ಚಾಂಗಿ ಬಿಸಿನೆಸ್ ಪಾರ್ಕ್‌ನ ಆಫೀಸಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಬೆಂಗಳೂರಿನ ಗೆಳೆಯ ಒಂದು ದಿನ ಬಿಯರ್ ಕಿಟ್ ತಂದುಕೊಟ್ಟ. ಕಿಟ್ ಎಂದರೆ ಡಬ್ಬದಲ್ಲಿ ಕಾಕಂಬಿಯಂಥ ಮಾಲ್ಟ್ ಪಾಕ, ಒಂದು ಪುಟ್ಟ ಯೀಸ್ಟ್ ಪೊಟ್ಟಣ. ಬಿಸಿನೀರು, ಸಕ್ಕರೆ ಬೆರೆಸಿ ಬಕೆಟ್ಟಿಗೆ ಹುಯ್ದು ಮುಚ್ಚಿಡುವುದು.

"ಇಡ್ಲಿ ಹಿಟ್ಟು ಉಬ್ಬಿಸೋದಕ್ಕಿಂತ ಈಸಿ ಗುರು," ಅಂದಿದ್ದ.

ಮೊದಲ ಬಿಯರ್ ತೀರಾ ಸಪ್ಪೆ. ಗೆಳೆಯ ಒಂದು ಗುಟುಕು ಕುಡಿದು, "ಕಿಟ್ ಬಿಯರ್ ಹಣೆಬರಹ ಇಷ್ಟೇ, ಸ್ಮೆಲ್ಲೇ ಇರಲ್ಲ," ಎಂದ. ನಾನೂ ಮೂಸಿ ನೋಡಿದೆ. ನಿಜಕ್ಕೂ ಏನೂ ಇರಲಿಲ್ಲ, ಒದ್ದೆ ರಟ್ಟಿನ ಹಾಗೆ. ನನ್ನ ಗಂಡ ನಮ್ಮಿಬ್ಬರ ಮುಖ ನೋಡಿದ.

"ನಿಮಗೂ ಬರ್ತಿಲ್ವಾ?"

"ಯಾರಿಗೂ ಬರಲ್ಲ ಮಗಾ."

ಅವನು ನಕ್ಕ. ಆ ಸಪ್ಪೆ ಬಿಯರ್ ಮುಗಿಯುವ ತನಕ ಮನೆಯಲ್ಲಿ ಒಂದು ಬಗೆಯ ನೆಮ್ಮದಿ ಇತ್ತೆಂದು ಈಗ ಅನಿಸುತ್ತದೆ. ಆಗ ಅನಿಸಿತ್ತೋ ಇಲ್ಲವೋ ಗೊತ್ತಿಲ್ಲ. ಆ ಒಂದು ಲೋಟದ ಮುಂದೆ ಅವನು ನಮಗೆಲ್ಲ ಸಮನಾಗಿದ್ದ, ಅಷ್ಟು ನಿಜ.

ಆದರೆ ಗೆಳೆಯ ಸುಮ್ಮನಿರಲಿಲ್ಲ. ಕಿಟ್ ಸುಧಾರಿಸಲು ಹಾಪ್ಸ್ ಹಾಕಬೇಕು ಅಂದ. ಬಿಯರಿಗೆ ಕಹಿ, ಪರಿಮಳ ಎರಡನ್ನೂ ಕೊಡುವ ಹೂವು ಅದು. ಅದನ್ನು ಒಣಗಿಸಿ, ಒತ್ತಿ, ಹಸಿರು ಗುಳಿಗೆಗಳನ್ನಾಗಿ ಮಾಡಿ ಮಾರುತ್ತಾರೆ. ಕಿಟ್‌ನಲ್ಲಿ ಕಹಿ ಆಗಲೇ ಸೇರಿರುತ್ತದೆ, ಪರಿಮಳ ಮಾತ್ರ ಹಾರಿಹೋಗಿರುತ್ತದೆ. ಹುದುಗುವುದು ತಣ್ಣಗಾದ ಮೇಲೆ, ಬಾಟಲಿಗೆ ತುಂಬುವ ಕೆಲವು ದಿನ ಮೊದಲು, ಒಂದಿಷ್ಟು ಗುಳಿಗೆಗಳನ್ನು ಕುದಿಸದೆ ಹಾಗೇ ಬಕೆಟ್ಟಿಗೆ ಸುರಿದರೆ ಪರಿಮಳ ಬರುತ್ತದೆ. ಕುದಿಸಿದರೆ ಬರುವುದು ಕಹಿಯೇ.

ಮುಂದಿನ ಸಲ ಹಾಗೆಯೇ ಮಾಡಿದರು. ಬಾಟಲಿ ತೆರೆದಾಗ ಕಿತ್ತಳೆ ಸಿಪ್ಪೆ ಹಿಚುಕಿದ ಹಾಗಿತ್ತು. ನಾನು ಹೇಳಿದೆ, ಗೆಳೆಯ ಹೇಳಿದ. ಆಮೇಲೆ ನನ್ನ ಗಂಡ ಲೋಟವನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದ.

"ಸ್ವಲ್ಪ ಬಂತು. ಕಿತ್ತಳೆ. ದೂರದಲ್ಲಿ ಎಲ್ಲೋ ಇದ್ದ ಹಾಗೆ."

ನಾನು ಅತ್ತುಬಿಟ್ಟೆ. ಗೆಳೆಯ ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತ ನೆಲ ನೋಡಿದ. ಅಂದಿನಿಂದ ಪ್ರತಿ ಸಲವೂ ಹಾಪ್ಸ್ ಇನ್ನಷ್ಟು, ಮತ್ತಿಷ್ಟು. ಪ್ರತಿ ಸಲವೂ ಅವನಿಗೆ ಸ್ವಲ್ಪ ಹೆಚ್ಚು ಬಂತಂತೆ. ನಾನು ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ, ಮೈಸೂರಿನಲ್ಲಿ ಅಮ್ಮನಿಗೆ ಹೇಳಿದೆ. ಹಾಪ್ಸ್ ನಮಗೆ ಔಷಧವಾಗಿಬಿಟ್ಟಿತ್ತು. ಬಕೆಟ್ಟಿನ ಟವೆಲು ಒಣಗದಂತೆ ನಾನೇ ನೋಡಿಕೊಳ್ಳುತ್ತಿದ್ದೆ.

ಅವನು ಯಾವಾಗಲೂ ನಾವು ಹೇಳಿದ ಮೇಲೆಯೇ ಹೇಳುತ್ತಿದ್ದ. ಇದನ್ನು ನಾನು ಆಗಲೇ ಗಮನಿಸಿದ್ದೆ ಎಂದು ಬರೆದು ಹೊಡೆದುಹಾಕಿದೆ. ಗಮನಿಸಿರಲಿಲ್ಲ. ಈಗ ಕಥೆ ತಿಳಿದಿರುವುದರಿಂದ ಅಂದಿನ ನನಗೆ ಇಂದಿನ ಬುದ್ಧಿಯನ್ನು ತೊಡಿಸುತ್ತಿದ್ದೇನೆ.

ಬಾಗಲಕೋಟೆಯಿಂದ ಅತ್ತೆ ಬಂದದ್ದು ವಿಮಾನಗಳು ಮತ್ತೆ ಸರಿಯಾಗಿ ಓಡಾಡತೊಡಗಿದ ಮೇಲೆ. ಗಂಡ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ನನಗೆ ಹೇಳಿದ್ದು ಒಂದೇ ಮಾತು: "ಮೂಗಿನ ವಿಷಯ ಅವ್ವನ ಹತ್ತಿರ ಎತ್ತಬೇಡ. ವಾಪಸ್ ಬರ್ತಾನೇ ಇದೆಯಲ್ಲ, ಸುಮ್ಮನೆ ಯಾಕೆ." ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟುವವರಲ್ಲ. ಅಂಥವರು ಬಂದಿಳಿದ ನಮ್ಮ ಮನೆಯಲ್ಲಿ ಬಿಯರಿನ ಬಕೆಟ್ಟು. ಅದು ಬಾರ್ಲಿ ನೀರು ಎಂದು ಮಗ ಹೇಳಿದ. ಸುಳ್ಳೂ ಅಲ್ಲ.

"ಬಾರ್ಲಿ ನೀರು ಛಲೋ. ಮೈಗೆ ತಂಪು," ಎಂದರು ಅತ್ತೆ. ಉಕ್ಕಿನ ಬಾಗಿಲನ್ನು ಒಮ್ಮೆ ನೋಡಿ, "ಅದಕ್ಕ ಇಷ್ಟ ದೊಡ್ಡ ಬಾಗಲಾ ಬೇಕೇನಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಆಮೇಲೆ ಅದನ್ನು ಕಷಾಯ ಎಂದೇ ಕರೆದರು. ಅವರಿಗೆ ಎಲ್ಲ ಗೊತ್ತಿತ್ತು.

ದಿನವೂ ರೊಟ್ಟಿ ಬಡಿದರು. ಮಗ ಒಲೆಯ ಪಕ್ಕ ನಿಂತು, "ವಾಸನಿ ಎಷ್ಟ್ ಛಲೋ ಬಂದೈತಿ ಅವ್ವಾ," ಎನ್ನುತ್ತಿದ್ದ. ಅತ್ತೆ ಮತ್ತೊಂದು ರೊಟ್ಟಿ ಹಾಕುತ್ತಿದ್ದರು.

ಅತ್ತೆ ನಮ್ಮ ಅಡುಗೆಮನೆಯನ್ನು ತಮ್ಮ ಪದ್ಧತಿಗೆ ತಿರುಗಿಸಿಕೊಂಡರು. ಅವರ ಪ್ರಕಾರ ಹರಿದ ಪೊಟ್ಟಣ ಮನೆಯಲ್ಲಿರಬಾರದು. ರವೆ, ಸಾಬೂದಾಣಿ, ಸಾಸಿವೆ, ಏನೇ ಇರಲಿ, ಒಂದು ಡಬ್ಬಿ ಸೇರಬೇಕು. ಫ್ರೀಜರಿನಲ್ಲಿ ಬಾಯಿ ಕತ್ತರಿಸಿ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಪೊಟ್ಟಣ ಅವರ ಕಣ್ಣಿಗೆ ಬಿತ್ತು. ಒಳಗೆ ಹಸಿರು ಗುಳಿಗೆಗಳು. ಹೊರಗೆ ಒಂದು ಡಬ್ಬಿ ಖಾಲಿ ಇತ್ತು. ಆಮೇಲೆ ಏನಾಯಿತೆಂಬುದನ್ನು ಅವರು ಹೇಳಿದ ಹೊತ್ತಿನಲ್ಲೇ ಹೇಳುತ್ತೇನೆ, ನಮಗೂ ಆಗಲೇ ತಿಳಿದದ್ದು.

ಆ ಸಲದ ಹಾಪ್ಸನ್ನು ನನ್ನ ಗಂಡನೇ ಹಾಕಿದ. ಬೆಳಿಗ್ಗೆ, ಆಫೀಸಿಗೆ ಹೊರಡುವ ಮೊದಲು. ಗುಳಿಗೆಗಳು ಡಬ್ಬಿಗೆ ಬಂದಿರುವುದನ್ನು ನೋಡಿ ನಕ್ಕನಂತೆ. ಅವ್ವನ ಕೈಕೆಲಸ ಅಂದುಕೊಂಡು ಸುರಿದು, ಮುಚ್ಚಳ ಬಿಗಿದು ಹೋದ. ಬಾಟಲಿಗೆ ತುಂಬಿದವನೂ ಅವನೇ. ನಾನು ಆಫೀಸಿನಲ್ಲಿದ್ದೆ.

ತೆರೆದದ್ದು ಒಂದು ಭಾನುವಾರ. ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಬರುತ್ತಿರಲಿಲ್ಲ, ನಾನು ಕಿಟಕಿಯ ಹೊರಗಿನ ಕೋಲುಗಳಿಂದ ಒಣಗಿದ ಬಟ್ಟೆ ಎಳೆದುಕೊಳ್ಳುತ್ತಿದ್ದೆ. ಕೆಳಗೆ ಎಲ್‌ಆರ್‌ಟಿ ರೈಲು ಹಾದುಹೋಯಿತು. ಗೆಳೆಯ ಬಂದು ಬಾತ್‌ರೂಮಿನಲ್ಲಿ ಕೈಕಾಲು ತೊಳೆಯುತ್ತಿದ್ದ. ಅತ್ತೆ ನೆಲದ ಮೇಲೆ ಪೇಪರು ಹಾಸಿ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಗಂಡ ಬಾಟಲಿ ತೆರೆದು ಮೂರು ಲೋಟಕ್ಕೆ ಹುಯ್ದ.

ಈ ಸಲ ಅವನು ಕಾಯಲಿಲ್ಲ. ಹೋದ ಸಲದ್ದೇ ಹಾಪ್ಸ್, ಅದೇ ಪೊಟ್ಟಣ. ಹೇಗಿರಬೇಕೆಂದು ಅವನಿಗೆ ಗೊತ್ತಿತ್ತು.

"ಕಿತ್ತಳೆ ಸಿಪ್ಪೆ," ಎಂದ, ಒಂದು ಗುಟುಕು ನುಂಗಿ. "ಈ ಸಲ ಚೆನ್ನಾಗಿ ಬಂತು. ಹತ್ತಿರದಲ್ಲೇ ಇದೆ."

ಬಟ್ಟೆಯ ರಾಶಿ ಎದೆಗೆ ಹಿಡಿದುಕೊಂಡೇ ನಾನು ಹತ್ತಿರ ಹೋದೆ. ಸಾರಿನ ಒಗ್ಗರಣೆಯ ವಾಸನೆ. ಅತ್ತೆ ಒಲೆ ಹಚ್ಚಿದ್ದಾರೇನೋ ಎಂದು ತಿರುಗಿದೆ. ಅವರು ಸೊಪ್ಪಿನ ಮುಂದೆಯೇ ಕೂತಿದ್ದರು. ಅಷ್ಟರಲ್ಲಿ ಗೆಳೆಯ ಬಂದು ಲೋಟ ಎತ್ತಿ ಮೂಗಿನ ಹತ್ತಿರ ತಂದವನು ಹಾಗೇ ನಿಂತ. ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

"ಹೇಳೋ, ಹೇಗಿದೆ?" ಎಂದ ಗಂಡ.

"ಸೂಪರ್ ಗುರು," ಎಂದ ಗೆಳೆಯ. "ಆರೆಂಜ್. ಫುಲ್ ಆರೆಂಜ್."

ಅವನು ಹೇಳಿದ ಸುಳ್ಳಿಗೆ ನಾನು ತಲೆಯಾಡಿಸಿದೆ. ಅದು ಅಲ್ಲಿಗೇ ಮುಗಿದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಬಹುಶಃ ನಾವು ಮೂವರೂ ಇಂದಿಗೂ ಕಿತ್ತಳೆಯ ಮಾತಾಡುತ್ತಿದ್ದೆವು.

"ಇಂಗಿನ ವಾಸನಿ ಎಲ್ಲಿಂದ ಬರಾಕತ್ತೈತಿ?" ಎಂದರು ಅತ್ತೆ, ಸೊಪ್ಪಿನಿಂದ ತಲೆಯೆತ್ತದೆ. "ಒಲಿ ಮ್ಯಾಲ ಏನೂ ಇಲ್ಲಲ್ಲ."

ಗೆಳೆಯ ತನ್ನ ಲೋಟವನ್ನು ಕೆಳಗಿಟ್ಟ.

"ನಿಮ್ಮ ಕಷಾಯದ್ದೇ ಅದು. ಆ ಹಸರು ಗುಳಿಗಿ ಪಾಕೀಟು ಹರದಿತ್ತಲ್ಲ, ಎಮ್ಮಿ ಹಿಂಡಿ ಇದ್ದಂಗ ಇದ್ದವು. ಇಂಗಿನ ಡಬ್ಬಿ ಖಾಲಿ ಇತ್ತು. ತೊಳದ, ಒರಸಿ, ಅದರಾಗ ಹಾಕಿಟ್ಟಿದ್ದೆ." ಈಗ ತಲೆಯೆತ್ತಿದರು. "ಎಷ್ಟ್ ತೊಳದ್ರೂ ಹೋಗಂಗಿಲ್ಲ ನೋಡು ಅದು. ಕೆಟ್ಟೋತೇನು?"

ಗಂಡ ಲೋಟವನ್ನು ಮತ್ತೆ ಮೂಗಿಗೆ ಹಿಡಿದ. ಉಸಿರೆಳೆದ. ಇನ್ನೊಮ್ಮೆ ಎಳೆದ, ಲೋಟದ ಅಂಚು ಹಣೆಗೆ ತಾಗುವಷ್ಟು ಮುಖ ಒಳಗೆ ಹಾಕಿ. ನಾವು ನೋಡುತ್ತಿದ್ದೆವು. ಆಮೇಲೆ ಲೋಟವನ್ನು ಮೇಜಿನ ಮೇಲೆ ಬಹಳ ನಿಧಾನವಾಗಿ ಇಟ್ಟ.

"ಆರೆಂಜ್ ಕೂಡ ಇದೆ ಮಗಾ, ಹಿಂದೆ ಇದೆ," ಎಂದ ಗೆಳೆಯ.

"ಬಿಡೋ."

ಅತ್ತೆಗೆ ಅಷ್ಟು ಸಾಕಾಯಿತು. ಮಗ ಕಿತ್ತಳೆ ಎಂದದ್ದನ್ನೂ ಅವರು ಕೇಳಿಸಿಕೊಂಡಿದ್ದರು. ಒಂದು ಹಿಡಿ ಮೆಂತೆಯನ್ನು ಅವನತ್ತ ಚಾಚಿದರು.

"ತಮ್ಮಾ, ಇದರ ವಾಸನಿ ನೋಡು."

"ಗೊತ್ತಾಗಂಗಿಲ್ಲವ್ವಾ."

"ಯಾವಾಗಿಂದ?"

"ಜ್ವರ ಬಂದಾಗಿಂದ. ಒಂದೂ ಗೊತ್ತಾಗಂಗಿಲ್ಲ. ಒಂದ ದಿನಾನೂ ಗೊತ್ತಾಗಿಲ್ಲ."

ಕೊನೆಯ ಮಾತನ್ನು ಅವನು ಹೇಳಿದ್ದು ನನಗೆ. ಹೇಳುವಾಗ ನೋಡಿದ್ದು ನೆಲವನ್ನು.

ಅತ್ತೆ ಸೊಪ್ಪನ್ನು ಪೇಪರಿನ ಮೇಲಿಟ್ಟರು. "ಹಂಗಾರ, ನನ್ನ ರೊಟ್ಟಿ ವಾಸನಿ?" ಎಂದರು. ಅವರು ಮತ್ತೆ ಬಿಡಿಸಲು ಶುರುಮಾಡಿದರು. ದಂಟಿನ ಕಡೆ ಎಲೆ, ಎಲೆಯ ಕಡೆ ದಂಟು ಬೀಳುತ್ತಿತ್ತು.

ಆ ಮಧ್ಯಾಹ್ನದ ಬಗ್ಗೆ ನಮ್ಮ ನಮ್ಮಲ್ಲಿ ಒಮ್ಮತವಿಲ್ಲ. ಅತ್ತೆ ಇಂಗು ಎಂದಾಗ ನಾನು ನಕ್ಕೆ ಎಂದು ಗಂಡ ಹೇಳುತ್ತಾನೆ. ನಕ್ಕದ್ದು ನನಗೆ ನೆನಪಿಲ್ಲ. ನಕ್ಕಿರಬಹುದು. ಗೆಳೆಯ ಆಫೀಸಿನ ಕ್ಯಾಂಟೀನಿನಲ್ಲಿ ಇಂಗಿನ ಬಿಯರ್ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾನಂತೆ. ಅವನ ಕಥೆಯಲ್ಲಿ ಆಂಟಿ ಇದ್ದಾರೆ, ಡಬ್ಬಿ ಇದೆ, ಕಿತ್ತಳೆ ಎಂಬ ಮಾತು ಇಲ್ಲ. ಅದಕ್ಕಾಗಿ ಅವನನ್ನು ಕಂಡರೆ ನನಗೆ ಗೌರವ. ಅತ್ತೆ ಈ ವಿಷಯ ಎತ್ತುವುದೇ ಇಲ್ಲ. ಇಲ್ಲಿದ್ದಷ್ಟು ದಿನವೂ ಅವರು ರೊಟ್ಟಿ ಬಡಿದರು. ಮಗ ಒಲೆಯ ಪಕ್ಕ ಬಂದು ಸುಮ್ಮನೆ ನಿಲ್ಲುತ್ತಿದ್ದ. ಅವರು ಬಿಸಿ ರೊಟ್ಟಿಯ ಚೂರನ್ನು ಅವನ ಕೈಗಿಟ್ಟು, "ಗರಿಗರಿ ಆಗೇತೇನು?" ಎಂದಷ್ಟೇ ಕೇಳುತ್ತಿದ್ದರು. "ಆಗೇತವ್ವಾ," ಎನ್ನುತ್ತಿದ್ದ. ಅದಕ್ಕೆ ಮೂಗು ಬೇಡ.

ಯಾಕೆ ಸುಳ್ಳು ಹೇಳಿದೆ ಎಂದು ನಾನು ಒಮ್ಮೆ ಕೇಳಿದೆ. "ಮೊದಲನೇ ಸಲ ನೀನು ಅತ್ತುಬಿಟ್ಟೆಯಲ್ಲ," ಎಂದ. "ಆಮೇಲೆ ನಿಲ್ಲಿಸೋದು ಹೇಗೆ?"

ಇಂಗಿನ ಬಾಟಲಿಗಳನ್ನು ಸಿಂಕಿಗೆ ಸುರಿದೆವು. ಅತ್ತೆ ಊರಿಗೆ ಹೋದ ಮೇಲೂ ವಾಸನೆ ಬಹಳ ದಿನ ಮನೆಯಲ್ಲಿತ್ತು, ನನ್ನೊಬ್ಬಳಿಗೆ. ಬಕೆಟ್ಟು ಮಾತ್ರ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಅವನು ಮತ್ತೆ ಒಂದು ಕಿಟ್ ತಂದ. ಈ ಸಲ ಗುಳಿಗೆಗಳನ್ನು ಹಾಗೇ ಸುರಿಯಲಿಲ್ಲ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಿಟ್ಟು, ನೀರಿನಲ್ಲಿ ಒಂದಿಷ್ಟು ಮಾಲ್ಟ್ ಪಾಕ ಕರಗಿಸಿ, ಅದರಲ್ಲಿ ಗಂಟೆಗಟ್ಟಲೆ ಕುದಿಸಿದ. ಪರಿಮಳವೆಲ್ಲ ಹಬೆಯಾಗಿ ಕಿಟಕಿಯಿಂದ ಹೋಯಿತು. ಕಾರಿಡಾರ್‌ನಲ್ಲಿ ಪಕ್ಕದ ಮನೆಯ ಆಂಟಿ ಕೆಮ್ಮಿ ಬಾಗಿಲು ಹಾಕಿಕೊಂಡರು. ಗೆಳೆಯ ಅದನ್ನು ಒಂದು ಗುಟುಕು ಕುಡಿದು, "ಮನುಷ್ಯರು ಕುಡಿಯೋದಲ್ಲ ಇದು," ಎಂದು ನೀರು ಕೇಳಿದ. ಬೇವಿನೆಲೆ ಜಗಿದ ಹಾಗಿತ್ತು.

ಅವನು ಮಾತ್ರ ಕುಡಿಯುತ್ತಾನೆ. ಶನಿವಾರ ಸಂಜೆ, ಕಿಟಕಿಯ ಪಕ್ಕ, ಒಂದೇ ಲೋಟ.

ಒಮ್ಮೆ ನಾನು ಅವನೆದುರು ಕೂತು, ಇನ್ನೊಂದು ಲೋಟಕ್ಕೆ ಸ್ವಲ್ಪ ಹುಯ್ದುಕೊಂಡು, ಎರಡು ಬೆರಳಿನಿಂದ ಮೂಗು ಬಿಗಿಯಾಗಿ ಹಿಡಿದು ನುಂಗಿದೆ. ಅವನು ನೋಡುತ್ತಿದ್ದ.

"ಏನು ಗೊತ್ತಾಯ್ತು?"

"ತಣ್ಣಗಿದೆ," ಎಂದೆ. ಮೂಗು ಹಿಡಿದಿದ್ದರಿಂದ ನನ್ನ ದನಿ ಬೇರೆ ಯಾರದೋ ಇದ್ದ ಹಾಗಿತ್ತು. "ಕಹಿ."

"ಇನ್ನೇನಾದರೂ?"

ಹುಡುಕಿದೆ. ಅವನನ್ನು ಸಮಾಧಾನಪಡಿಸುವ ಒಂದು ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇಲ್ಲ. ಅಷ್ಟೇ."

"ಹೌದು," ಎಂದ ಅವನು. "ಅಷ್ಟೇ."